ಸ್ಪ್ಯಾನಿಷ್ ಬಾರದವರು ಗ್ವಾಟೆಮಾಲಾದ ಸಭೆಯಲ್ಲಿ ಆರಾಧನೆ ಮಾಡುವುದು ಹೇಗೆ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಅಮೆರಿಕದ ನಿಮ್ಮ ಸಭೆಯಿಂದ, ಅಂದರೆ ಚರ್ಚಿನಿಂದ, ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶಕ್ಕೆ ಮಿಷನ್ ಟ್ರಿಪ್ ಎಂಬ ಸೇವಾ ಪ್ರವಾಸ ಹೊರಟಿದ್ದೀರಿ. ಹಗಲು ಕಟ್ಟಡದ ಕೆಲಸ, ಸಂಜೆ ಅಲ್ಲಿನವರ ಜೊತೆ ಆರಾಧನೆ. ಸ್ಪ್ಯಾನಿಷ್ ಒಂದಕ್ಷರವೂ ಬರುವುದಿಲ್ಲ. ಎರಡು ಗಂಟೆ ಏನೂ ತಿಳಿಯದೆ ಕೂತರೆ ಅದು ಆರಾಧನೆ ಹೇಗಾದೀತು, ಸುಮ್ಮನೆ ನೋಡಿ ಬಂದಂತೆ ಆಗುವುದಿಲ್ಲವೇ ಅಂತ ಕೇಳಿದ್ದೀರಿ.

ಆರಾಧನೆ ಆಗುತ್ತದೆ, ಅದೂ ಪೂರ್ತಿಯಾಗಿ. ಅದಕ್ಕೆ ಹೋಗುವ ಮೊದಲು ಸ್ವಲ್ಪ ತಯಾರಿ ಬೇಕು, ಹೋದ ಮೇಲೆ ಅಲ್ಲಿನ ಜನರ ನಡುವೆ ಹೋಗಿ ಕೂರುವ ಮನಸ್ಸು ಬೇಕು. ನಾನು ಉಡುಪಿ ಕಡೆಯವಳು, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಬೆಳೆದವಳು, ಈಗ ಟೆಕ್ಸಾಸ್‌ನಲ್ಲಿ ಒಂದು ಪ್ರೆಸ್ಬಿಟೇರಿಯನ್ ಸಭೆಯ ಸದಸ್ಯೆ. ಚಿಮಾಲ್ತೆನಾಂಗೊ ಪ್ರಾಂತ್ಯದ ಒಂದು ಹಳ್ಳಿಯ ಸಭೆಗೂ ನಮಗೂ ಹಳೆಯ ನಂಟಿದೆ. ಅಲ್ಲಿ ಕಂಡದ್ದನ್ನೇ ಆಧಾರವಾಗಿಟ್ಟುಕೊಂಡು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ನಿಮ್ಮ ಅನುಮಾನ ಹಗುರವಾದದ್ದಲ್ಲ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 14ನೇ ಅಧ್ಯಾಯದಲ್ಲಿ ಪೌಲನೂ ಇದನ್ನೇ ಕೇಳುತ್ತಾನೆ: ನೀನು ಆಡಿದ್ದು ತಿಳಿಯದೇ ಹೋದವನು ನಿನ್ನ ಸ್ತೋತ್ರಕ್ಕೆ ಆಮೆನ್ ಅನ್ನುವುದು ಹೇಗೆ? ಹಾಗಾಗಿ "ಭಾಷೆ ಏನು ಮಹಾ, ಭಾವನೆ ಇದ್ದರೆ ಸಾಕು" ಅಂತ ಸಮಾಧಾನ ಹೇಳುವವರ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ತಿಳಿಯುವುದು ಮುಖ್ಯವೇ. ಆದರೆ ಪೌಲ ಅಲ್ಲಿ ಹೊಣೆ ಹೊರಿಸುವುದು ಸಭೆಗೆ ತಿಳಿಯದ ಭಾಷೆಯಲ್ಲಿ ಮಾತಾಡುವವನ ಮೇಲೆ. ಗ್ವಾಟೆಮಾಲಾದಲ್ಲಿ ಸಭೆ ತನಗೆ ತಿಳಿದ ಭಾಷೆಯಲ್ಲೇ ಆರಾಧನೆ ನಡೆಸುತ್ತದೆ. ತಿಳಿಯದವರು ನಾವು, ಹೊರಗಿನಿಂದ ಬಂದವರು. ಆಮೆನ್ ಹೇಳುವಷ್ಟು ತಿಳಿದುಕೊಳ್ಳುವ ಹೊಣೆಯೂ ನಮ್ಮದೇ. ಅದು ನೀವು ಹೆದರಿಕೊಂಡಷ್ಟು ದೊಡ್ಡ ಕೆಲಸವಲ್ಲ.

ಯಾಕೆಂದರೆ ಆರಾಧನೆಯ ಕ್ರಮ ನಿಮಗೆ ಆಗಲೇ ಗೊತ್ತಿದೆ. ಯಾವಾಗ ಏಳುತ್ತಾರೆ, ಯಾವಾಗ ಕೂರುತ್ತಾರೆ, ವೇದಪಾಠ ಯಾವುದು, ಕಾಣಿಕೆ ಯಾವಾಗ, ಆಶೀರ್ವಾದದ ಧಾಟಿ ಹೇಗಿರುತ್ತದೆ ಅನ್ನುವುದೆಲ್ಲ ಚಿಕ್ಕಂದಿನಿಂದ ಮೈಗೆ ಒಗ್ಗಿದ್ದು. ಅಲ್ಲಿ ಆರಾಧನೆಗೆ ಕೂಲ್ತೊ ಅನ್ನುತ್ತಾರೆ. "ಓರೆಮೊಸ್" ಅಂದರೆ ಪ್ರಾರ್ಥಿಸೋಣ. "ದೆ ಪಿಯೆ" ಅಂದರೆ ಎದ್ದು ನಿಲ್ಲಬೇಕು. ಪುಸ್ತಕಗಳ ಹೆಸರು ಕೇಳಿದರೇ ಗುರುತು ಸಿಗುತ್ತದೆ: ಸಾಲ್ಮೊಸ್ ಕೀರ್ತನೆಗಳು, ಮತೆಯೊ ಮತ್ತಾಯ, ರೊಮಾನೊಸ್ ರೋಮಾಪುರದವರಿಗೆ ಬರೆದದ್ದು. ಹುವಾನ್ ಅಂದಾಗ ಮಾತ್ರ ಮೊದಲ ಸಲ ತಬ್ಬಿಬ್ಬಾಗಬಹುದು, ಅದು ಯೋಹಾನ. ಒಂದರಿಂದ ಐವತ್ತರವರೆಗೆ ಅಂಕಿ ಕಲಿತುಕೊಂಡು ಹೋಗಿ. ಅಷ್ಟು ಬಂದರೆ ಹೆಚ್ಚಿನ ಸಲ ಅಧ್ಯಾಯ, ವಚನ ಕೂಗಿದ ತಕ್ಷಣ ನಿಮ್ಮ ಕನ್ನಡ ಸತ್ಯವೇದದಲ್ಲಿ ಅದೇ ಭಾಗ ತೆರೆದುಕೊಳ್ಳಬಹುದು. ಇಂಗ್ಲಿಷ್ ಬೈಬಲ್ ಬೇಡ, ಕನ್ನಡದ್ದನ್ನೇ ಒಯ್ಯಿರಿ. ಅವರು ತಮಗೆ ಆಪ್ತವಾದ ಮಾತಿನಲ್ಲಿ ಓದುವಾಗ ನೀವೂ ನಿಮಗೆ ಆಪ್ತವಾದದ್ದರಲ್ಲಿ ಓದಿ. ಸಾಧ್ಯವಿದ್ದರೆ ಆ ವಾರದ ಪ್ರಸಂಗದ, ಅಂದರೆ ಬೋಧನೆಯ, ವೇದಭಾಗ ಯಾವುದು ಅಂತ ಅಲ್ಲಿನ ಸಭಾಪಾಲಕರಿಗೆ ವಾಟ್ಸಾಪ್ ಮಾಡಿ ಮೊದಲೇ ಕೇಳಿಟ್ಟುಕೊಳ್ಳಿ. ಸಂತೋಷದಿಂದ ಕಳಿಸುತ್ತಾರೆ. ಭಾಗವನ್ನು ಹಿಂದಿನ ರಾತ್ರಿ ನಿಧಾನವಾಗಿ ಓದಿ ಹೋದವರಿಗೆ ಪ್ರಸಂಗದಲ್ಲಿ ಎಷ್ಟೋ ಹೆಸರು, ಎಷ್ಟೋ ಮಾತು ಕಿವಿಗೆ ಸಿಗುತ್ತದೆ.

ಕರ್ತನ ಪ್ರಾರ್ಥನೆಯನ್ನಂತೂ ಸ್ಪ್ಯಾನಿಷಿನಲ್ಲಿ ಬಾಯಿಪಾಠ ಮಾಡಿಕೊಂಡೇ ಹೋಗಿ. "ಪಾದ್ರೆ ನುಯೆಸ್ತ್ರೊ ಕೆ ಎಸ್ತಾಸ್ ಎನ್ ಲೋಸ್ ಸಿಯೆಲೋಸ್, ಸಾಂತಿಫಿಕಾದೊ ಸೆಯಾ ತು ನೊಂಬ್ರೆ" ಅಂತ ಶುರುವಾಗುತ್ತದೆ. ಪರಲೋಕದಲ್ಲಿರುವ ನಮ್ಮ ತಂದೆಯೇ ಅನ್ನುವಾಗ ಯಾವ ಮಾತು ಎಲ್ಲಿ ಬರುತ್ತದೆ ಅಂತ ನಿಮಗೆ ಗೊತ್ತೇ ಇರುವುದರಿಂದ ಇಲ್ಲಿ ಒಂದು ಪದವೂ ಅರ್ಥವಾಗದೆ ಉಳಿಯುವುದಿಲ್ಲ. ಇಡೀ ಸಭೆಯ ದನಿಯೊಳಗೆ ನಿಮ್ಮ ದನಿಯೂ ಸೇರಿ ಹೋಗುವುದು ಎಷ್ಟು ಹಿತ ಅಂತ ಅಲ್ಲಿಯೇ ತಿಳಿಯಬೇಕು.

ಹಾಡುವುದಕ್ಕೂ ಕನ್ನಡದವರಿಗೆ ಒಂದು ಅನುಕೂಲವಿದೆ. ಸ್ಪ್ಯಾನಿಷಿನಲ್ಲಿ ಬರೆದ ಹಾಗೆಯೇ ಉಚ್ಚಾರ. ಅ, ಎ, ಇ, ಒ, ಉ ಸ್ವರಗಳು ನಮ್ಮವೇ, ತ ಮತ್ತು ದ ನಮ್ಮ ಹಾಗೆ ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವಂಥವು. ಎಚ್ ಅಕ್ಷರಕ್ಕೆ ದನಿಯಿಲ್ಲ, ಜೆ ಅಂದರೆ ಹ, ಎರಡು ಎಲ್ ಜೊತೆಗೆ ಬಂದರೆ ಯ. ಇಷ್ಟು ನಿಯಮ ಕೈಯಲ್ಲಿದ್ದರೆ ಸಂಗೀತ ಪುಸ್ತಕ ನೋಡಿಕೊಂಡು ಮೊದಲ ದಿನವೇ ಹಾಡಬಹುದು. ನಮ್ಮ ತಂಡದ ಅಮೆರಿಕನ್ನರು ತಡವರಿಸುವ ಪದಗಳನ್ನು ನಾನು ಸಲೀಸಾಗಿ ಹೇಳುತ್ತಿದ್ದೆ. ಹಳೆಯ ಕೀರ್ತನೆಗಳ ರಾಗವೂ ಹೊಸದಲ್ಲ. ಜರ್ಮನಿ, ಇಂಗ್ಲೆಂಡುಗಳಿಂದ ನಮ್ಮ ಕರಾವಳಿಗೆ ಬಂದ ರಾಗಗಳಲ್ಲಿ ಎಷ್ಟೋ ಅಲ್ಲಿಗೂ ಹೋಗಿವೆ. ಹೊಸದು ಅಂದರೆ ಕೊರಿತೊ ಅನ್ನುವ ಪುಟ್ಟ ಹಾಡುಗಳು. ನಾಲ್ಕೇ ಸಾಲು, ಮತ್ತೆ ಮತ್ತೆ ಅದೇ, ಒಂದು ಮುಗಿಯುವ ಮುಂಚೆ ಇನ್ನೊಂದು. ಚಪ್ಪಾಳೆ, ಪಂದೇರೊ ಅನ್ನುವ ಗೆಜ್ಜೆಕಟ್ಟಿನ ತಮಟೆ, ಕೀಬೋರ್ಡ್, ದೊಡ್ಡ ಸ್ಪೀಕರ್. ಪುಸ್ತಕವೇ ಬೇಡ, ಮೂರನೇ ಸುತ್ತಿಗೆ ಬಾಯಿಗೆ ಬಂದುಬಿಡುತ್ತದೆ.

ನನ್ನ ಪಕ್ಕದಲ್ಲಿ ಒಬ್ಬರು ಅಜ್ಜಿ ಕೂತಿದ್ದರು. ಕೆಂಪು, ನೇರಳೆ ನೂಲಿನ ವಿಪೀಲ್ ರವಿಕೆ, ಕೆಳಗೆ ಸುತ್ತಿ ಉಟ್ಟ ಕೋರ್ತೆ, ತಲೆಯ ಮೇಲೆ ತೆಳು ಬಟ್ಟೆ. ನನ್ನ ಕೈಯಲ್ಲಿ ಪುಸ್ತಕ ಇಲ್ಲದ್ದು ನೋಡಿ ತಮ್ಮದನ್ನು ನನ್ನ ಕಡೆ ಸರಿಸಿದರು. ಹಾಡು ಶುರುವಾದ ಮೇಲೆ ತೋರುಬೆರಳನ್ನು ಪದದಿಂದ ಪದಕ್ಕೆ ಒಯ್ಯುತ್ತಾ ಹೋದರು, ನಾನು ಎಲ್ಲಾದರೂ ತಪ್ಪಿದರೆ ಬೆರಳು ಅಲ್ಲೇ ನಿಲ್ಲುತ್ತಿತ್ತು. ಉಗುರಿನ ಸುತ್ತ ಮೆಕ್ಕೆಜೋಳದ ಹಿಟ್ಟು ಇನ್ನೂ ಅಂಟಿಕೊಂಡಿತ್ತು, ಬಹುಶಃ ತೊರ್ತಿಯಾ ರೊಟ್ಟಿ ತಟ್ಟಿ ನೇರ ಬಂದಿರಬೇಕು. ಅವರು ಪುಸ್ತಕವನ್ನು ನೋಡುತ್ತಿರಲೇ ಇಲ್ಲ, ಎಲ್ಲ ಬಾಯಿಪಾಠ. ಬೆರಳು ಆಡುತ್ತಿದ್ದದ್ದು ನನಗೋಸ್ಕರ.

ಹಾಡು ಮುಗಿದು ಪ್ರಾರ್ಥನೆಗೆ ಕರೆದಾಗ ನಡೆಯುವುದನ್ನು ನೀವು ಮೊದಲೇ ತಿಳಿದಿರಬೇಕು, ಇಲ್ಲದಿದ್ದರೆ ಗಾಬರಿಯಾಗಬಹುದು. ಅಲ್ಲಿ ಒಬ್ಬರು ಪ್ರಾರ್ಥಿಸಿ ಉಳಿದವರು ಕೇಳಿಸಿಕೊಳ್ಳುವುದಲ್ಲ. ಎಲ್ಲರೂ ಏಕಕಾಲಕ್ಕೆ, ದನಿಯೆತ್ತಿ, ತಮ್ಮ ತಮ್ಮ ಪ್ರಾರ್ಥನೆ ಮಾಡುತ್ತಾರೆ. ನಮ್ಮ ಸಿಎಸ್‌ಐ ಸಭೆಗಳ ಶಿಸ್ತಿಗೆ ಒಗ್ಗಿದವರಿಗೆ ಇದು ಗದ್ದಲ ಅನ್ನಿಸಬಹುದು. ನಿಮ್ಮ ಇಡೀ ಪ್ರಶ್ನೆಗೆ ಉತ್ತರ ಸಿಗುವುದು ಈ ಹೊತ್ತಿನಲ್ಲೇ ಅಂತ ನನ್ನ ನಂಬಿಕೆ. ಆಗ ನೀವು ಕನ್ನಡದಲ್ಲಿ ಬಾಯಿಬಿಟ್ಟು ಪ್ರಾರ್ಥಿಸಬಹುದು. ಯಾರೂ ತಿರುಗಿ ನೋಡುವುದಿಲ್ಲ. ಅಮೆರಿಕದ ನಮ್ಮ ಸಭೆಯಲ್ಲಿ ಇಷ್ಟು ವರ್ಷದಲ್ಲಿ ನಾನು ತುಳುವಿನಲ್ಲಿ ಗಟ್ಟಿಯಾಗಿ ಪ್ರಾರ್ಥಿಸಿದ್ದಿಲ್ಲ, ಅದಕ್ಕೆ ಅಲ್ಲಿ ಜಾಗವೇ ಇಲ್ಲ. ಈ ಹಳ್ಳಿಯಲ್ಲಿ ನಮ್ಮ ಅಮ್ಮನ ಕಾಯಿಲೆಗಾಗಿ ಅಮ್ಮನ ಮಾತಿನಲ್ಲೇ ಬೇಡಿಕೊಂಡೆ.

ಪಕ್ಕದ ಅಜ್ಜಿಯ ಪ್ರಾರ್ಥನೆಯೂ ಕಿವಿಗೆ ಬೀಳುತ್ತಿತ್ತು. ಅದು ಸ್ಪ್ಯಾನಿಷ್ ಆಗಿರಲಿಲ್ಲ. ಗಂಟಲೊಳಗೆ ತಟ್ಟನೆ ತಡೆದು ಬಿಡುವಂಥ ವ್ಯಂಜನಗಳು, ಸ್ಪ್ಯಾನಿಷಿನಲ್ಲಿ ಎಲ್ಲೂ ಇಲ್ಲದ ಸದ್ದುಗಳು. ಆಮೇಲೆ ಸಭೆಯ ಒಬ್ಬ ಹುಡುಗಿಯನ್ನು ಕೇಳಿದಾಗ ತಿಳಿಯಿತು, ಅದು ಕಾಕ್ಚಿಕೆಲ್, ಅಲ್ಲಿನ ಮೂಲನಿವಾಸಿಗಳಾದ ಮಾಯಾ ಜನರ ಭಾಷೆಗಳಲ್ಲಿ ಒಂದು, ಅಜ್ಜಿಯ ಮನೆಮಾತು. ಶಾಲೆಯಲ್ಲಿ, ಪೇಟೆಯಲ್ಲಿ, ಪುಲ್ಪಿಟ್ಟಿನಲ್ಲಿ ಸ್ಪ್ಯಾನಿಷ್. ಒಲೆಯ ಮುಂದೆ ಮತ್ತು ದೇವರ ಮುಂದೆ ಕಾಕ್ಚಿಕೆಲ್.

ನಿಮ್ಮ ತಂಡದವರು "ಸ್ಪ್ಯಾನಿಷ್ ಸಭೆ" ಅಂತ ಹೇಳುವಾಗ ಇದನ್ನು ನೆನಪಿಡಿ. ಗ್ವಾಟೆಮಾಲಾದಲ್ಲಿ ಅಧಿಕೃತವಾಗಿ ಗುರುತಿಸಿರುವ ಮಾಯಾ ಭಾಷೆಗಳೇ 22. ಎತ್ತರದ ಬೆಟ್ಟನಾಡಿನ ಸಭೆಗಳಲ್ಲಿ ಕೂತಿರುವವರಲ್ಲಿ ಎಷ್ಟೋ ಮಂದಿಗೆ ಸ್ಪ್ಯಾನಿಷ್ ಕೂಡ ಕಲಿತು ಬಂದ ಭಾಷೆಯೇ. ಕ್ಯಾಮರೂನ್ ಟೌನ್‌ಸೆಂಡ್ ಎಂಬ ಅಮೆರಿಕದ ಯುವಕ 1917ರಲ್ಲಿ ಸ್ಪ್ಯಾನಿಷ್ ಬೈಬಲ್ ಮಾರಲೆಂದು ಗ್ವಾಟೆಮಾಲಾಕ್ಕೆ ಹೋದ. ಕಾಕ್ಚಿಕೆಲ್ ಊರುಗಳಲ್ಲಿ ಆ ಪುಸ್ತಕವನ್ನು ಓದಿ ತಿಳಿಯಬಲ್ಲವರು ಬಹಳ ಕಡಿಮೆ ಅಂತ ಕಂಡುಕೊಂಡ. ಅಲ್ಲೇ ನಿಂತು ಭಾಷೆ ಕಲಿತು ಊರವರ ನೆರವಿನಿಂದ ಅನುವಾದಕ್ಕೆ ಇಳಿದ. ಕಾಕ್ಚಿಕೆಲ್ ಹೊಸ ಒಡಂಬಡಿಕೆ 1931ರಲ್ಲಿ ಹೊರಬಂತು.

ಇದು ನಮಗೆ ಗೊತ್ತಿರುವ ಸಂಗತಿಯೇ. ನಮ್ಮ ಕಡೆಯ ಸಿಎಸ್‌ಐ ಕ್ರೈಸ್ತರಲ್ಲಿ ಹೆಚ್ಚಿನವರಿಗೆ ಮನೆಯಲ್ಲಿ ತುಳು, ದೇವಾಲಯದಲ್ಲಿ ಕನ್ನಡ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಿಂದ ಹೊರಟ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1847ರಲ್ಲಿ ತುಳುವಿನಲ್ಲಿ ಹೊಸ ಒಡಂಬಡಿಕೆಯನ್ನೂ ಅಚ್ಚು ಹಾಕಿಸಿದರು. ಆದರೂ ಆರಾಧನೆಯ ಭಾಷೆಯಾಗಿ ಹೆಚ್ಚು ಕಡೆ ನಿಂತದ್ದು ಕನ್ನಡ. ನನ್ನ ಅಜ್ಜಿ ಕನ್ನಡದ ಪ್ರಸಂಗವನ್ನು ಪೂರ್ತಿ ಕೇಳಿ ಮನೆಗೆ ಬಂದು ತುಳುವಿನಲ್ಲಿ ದೇವರೊಂದಿಗೆ ಮಾತಾಡುತ್ತಿದ್ದರು. ಅವರ ಆರಾಧನೆ ಅರ್ಧಂಬರ್ಧ ಅಂತ ಯಾರಾದರೂ ಅಂದಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ. ಕನ್ನಡ ಸಭೆಯಲ್ಲಿ ಬೆಳೆದ ನೀವು ಬೆಂಗಳೂರಿನವರಾದರೂ ನಿಮ್ಮ ಸಭೆಯಲ್ಲಿ ಮನೆಯಲ್ಲಿ ತಮಿಳೋ ತೆಲುಗೋ ಆಡುವವರು ಇದ್ದೇ ಇರುತ್ತಾರೆ. ತಿಳಿಯುವುದಕ್ಕೂ ಮನೆಮಾತಿಗೂ ನಡುವೆ ಇರುವ ಈ ಅಂತರವನ್ನು ದಾಟುತ್ತಲೇ ಆರಾಧಿಸುವುದು ಅಮೆರಿಕದ ನಮ್ಮ ತಂಡದವರಿಗೆ ಹೊಸದು, ನಮಗೆ ಅಲ್ಲ. ಆ ಅಭ್ಯಾಸವನ್ನು ಜೊತೆಗೆ ಒಯ್ಯಿರಿ.

ಬಾಸೆಲ್ ಅಂದಾಗ ಇನ್ನೊಂದು ವಿಷಯ ಹೇಳದೆ ಇರಲಾರೆ, ನನಗೆ ಬಹಳ ಇಷ್ಟವಾದದ್ದು. ಅಲ್ಲಿ ಪುಲ್ಪಿಟ್ಟಿನ ಮೇಲಿರುವ ಬೈಬಲ್ ಬಹುಮಟ್ಟಿಗೆ ರೇಯ್ನಾ ವಲೇರಾ, 1960ರ ಪರಿಷ್ಕರಣೆ. ಅದರ ಮೂಲ ಕಾಸಿಯೊದೊರೊ ದೆ ರೇಯ್ನಾ ಎಂಬ ಸನ್ಯಾಸಿಯ ಅನುವಾದ. ಸೆವಿಯಾ ಬಳಿಯ ಮಠದಲ್ಲಿದ್ದ ಆತ, ಮತಭ್ರಷ್ಟರೆಂದು ಕಂಡವರನ್ನು ವಿಚಾರಿಸಿ ಶಿಕ್ಷಿಸುತ್ತಿದ್ದ ಇನ್‌ಕ್ವಿಸಿಷನ್ ನ್ಯಾಯಾಲಯಕ್ಕೆ ಹೆದರಿ 1557ರಲ್ಲಿ ಸ್ಪೇನ್ ಬಿಟ್ಟು ಓಡಿ, ಊರೂರು ಅಲೆದು, 1569ರಲ್ಲಿ ಬೈಬಲನ್ನು ಅಚ್ಚು ಹಾಕಿಸಿದ್ದು ಬಾಸೆಲ್ ನಗರದಲ್ಲಿ. ಅದನ್ನು ಸಿಪ್ರಿಯಾನೊ ದೆ ವಲೇರಾ ತಿದ್ದಿ 1602ರಲ್ಲಿ ಮತ್ತೆ ಹೊರತಂದ. ಮುಖಪುಟದಲ್ಲಿ ಜೇನಿಗೆ ಕೈಚಾಚುವ ಕರಡಿಯ ಚಿತ್ರವಿದ್ದ ಕಾರಣ ಆ ಮೊದಲ ಮುದ್ರಣಕ್ಕೆ ಕರಡಿ ಬೈಬಲ್ ಅಂತಲೇ ಹೆಸರು. ನಮ್ಮ ಹಿರಿಯರಿಗೆ ಸುವಾರ್ತೆ ತಂದವರು ಹೊರಟ ಊರಿನಲ್ಲೇ ಆ ಅಜ್ಜಿಯ ಸಭೆಯ ಬೈಬಲೂ ಮೊದಲು ಅಚ್ಚಾಗಿತ್ತು. ಇದನ್ನು ಅಲ್ಲಿನ ಸಭಾಪಾಲಕರಿಗೆ ದುಭಾಷಿಯ ಮೂಲಕ ಹೇಳಿದಾಗ ಅವರು ತಮ್ಮ ಬೈಬಲನ್ನು ತೆಗೆದು ನನ್ನ ಕನ್ನಡ ಸತ್ಯವೇದದ ಪಕ್ಕಕ್ಕೆ ಇಟ್ಟು, ಯುವಕರನ್ನೆಲ್ಲ ಕರೆದು ತೋರಿಸಿದರು.

ಇನ್ನು ಅನುವಾದದ ವಿಚಾರ. ಇಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಪ್ರಸಂಗವನ್ನು ವಾಕ್ಯ ವಾಕ್ಯಕ್ಕೂ ನಿಲ್ಲಿಸಿ ಮೈಕಿನಲ್ಲಿ ಇಂಗ್ಲಿಷಿಗೆ ಹೇಳಿಸುವುದು ಬೇಡ ಅಂತ ನಿಮ್ಮ ತಂಡದ ಮುಖ್ಯಸ್ಥರಿಗೆ ಈಗಲೇ ಹೇಳಿ. ಹತ್ತು ಹನ್ನೆರಡು ಅತಿಥಿಗಳಿಗೋಸ್ಕರ ಇಡೀ ಊರಿನ ಆರಾಧನೆ ಎರಡು ಪಟ್ಟು ಉದ್ದವಾಗುತ್ತದೆ, ಬೋಧಕರ ಓಘ ಮುರಿಯುತ್ತದೆ, ಮಕ್ಕಳು ನಿದ್ದೆ ಹೋಗುತ್ತಾರೆ. ಅವರು ಸೌಜನ್ಯಕ್ಕೆ ಬೇಡ ಅನ್ನುವುದಿಲ್ಲ, ಹಾಗಾಗಿ ನಾವೇ ಹೇಳಬೇಕು. ಮೊದಲಿಗೆ ಎರಡು ನಿಮಿಷ ಸಾರಾಂಶ, ಊಟದ ಹೊತ್ತಿಗೆ ಇನ್ನಷ್ಟು ವಿವರ, ಅಷ್ಟು ಸಾಕು. ತೀರಾ ಬೇಕಾದವರು ಹಿಂದಿನ ಸಾಲಿನಲ್ಲಿ ಕೂತು ಪಿಸುಮಾತಿನಲ್ಲಿ ಕೇಳಿಸಿಕೊಳ್ಳಲಿ.

ಮುಂದಿನ ಸಾಲನ್ನು ನಿಮ್ಮ ತಂಡಕ್ಕೆ ಮೀಸಲಿಟ್ಟಿರುತ್ತಾರೆ. ವಂದನೆ ಹೇಳಿ ಮೊದಲ ದಿನ ಅಲ್ಲಿ ಕೂತರೂ, ಮರುದಿನದಿಂದ ಒಬ್ಬೊಬ್ಬರಾಗಿ ಹರಡಿಕೊಳ್ಳಿ. ಹಳ್ಳಿಯ ಕೆಲವು ಸಭೆಗಳಲ್ಲಿ ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ ಕೂರುತ್ತಾರೆ, ಅದನ್ನು ನೋಡಿಕೊಂಡು ಜಾಗ ಹಿಡಿಯಿರಿ. ತಂಡ ಒಟ್ಟಿಗೆ ಕೂತರೆ ಇಂಗ್ಲಿಷಿನ ಗೋಡೆಯೊಂದು ತಾನಾಗಿಯೇ ಎದ್ದುಬಿಡುತ್ತದೆ. ಯಾರೊಬ್ಬರ ಪಕ್ಕದಲ್ಲಿ ಒಂಟಿಯಾಗಿ ಕೂತಾಗ ಅವರು ಪುಸ್ತಕ ಹಂಚಿಕೊಳ್ಳುತ್ತಾರೆ, ಮಗುವನ್ನು ತೊಡೆಗೆ ಕೊಡುತ್ತಾರೆ, ಎದ್ದು ನಿಲ್ಲಬೇಕಾದಾಗ ಮೊಣಕೈ ಮುಟ್ಟಿ ಎಬ್ಬಿಸುತ್ತಾರೆ.

ಅತಿಥಿಗಳನ್ನು ಮುಂದೆ ಕರೆದು ನಾಲ್ಕು ಮಾತಾಡಿ ಅನ್ನುವುದು ಅಲ್ಲಿ ವಾಡಿಕೆ, ತಪ್ಪಿಸಿಕೊಳ್ಳಬೇಡಿ. "ದಿಯೋಸ್ ಲೆಸ್ ಬೆಂದಿಗಾ, ಎರ್ಮಾನೊಸ್" ಅಂತ ಶುರು ಮಾಡಿ, ಅಂದರೆ ದೇವರು ನಿಮ್ಮನ್ನು ಆಶೀರ್ವದಿಸಲಿ ಸಹೋದರರೇ. ಹೆಸರು, ಊರು ಹೇಳಿ. ಕನ್ನಡದಲ್ಲಿ ಒಂದು ಗೀತೆಯ ಒಂದು ಚರಣ ಹಾಡಿದರೆ ಬಹಳ ಖುಷಿಪಡುತ್ತಾರೆ. ಪರದೇಶದವರು ಅಂದರೆ ಇಂಗ್ಲಿಷಿನವರು ಅಂತಷ್ಟೇ ಕಂಡ ಮಕ್ಕಳಿಗೆ, ಇಂಡಿಯಾ ಅನ್ನುವ ದೂರದ ದೇಶದಲ್ಲೂ ಹಳ್ಳಿಯ ಸಭೆಗಳಿವೆ, ಅಲ್ಲೂ ಜನ ತಮ್ಮ ಭಾಷೆಯಲ್ಲಿ ಹಾಡುತ್ತಾರೆ ಅಂತ ಕೇಳುವುದೇ ಒಂದು ಸಂತೋಷ.

ಸಾಕ್ಷಿ ಹೇಳುವ ಹೊತ್ತಿನಲ್ಲಿ ಹಿರಿಯರು ಅಳುವುದನ್ನು ನೋಡುತ್ತೀರಿ. ಕಾರಣ ಕೆದಕಬೇಡಿ. 1976ರ ಫೆಬ್ರವರಿ 4ರ ನಸುಕಿನಲ್ಲಿ ಆದ ಭೂಕಂಪದಲ್ಲಿ ಆ ದೇಶದಲ್ಲಿ ಸುಮಾರು 23,000 ಜನ ಸತ್ತರು, ಅತಿ ಹೆಚ್ಚು ಹೊಡೆತ ಬಿದ್ದ ಪ್ರಾಂತ್ಯಗಳಲ್ಲಿ ಚಿಮಾಲ್ತೆನಾಂಗೊ ಒಂದು. ಮಣ್ಣಿನ ಇಟ್ಟಿಗೆಯ ಮನೆಗಳು ಮಲಗಿದ್ದವರ ಮೇಲೆಯೇ ಕುಸಿದವು. ಅದರ ಬೆನ್ನಿಗೆ ಅಂತರ್ಯುದ್ಧದ ಅತಿ ಕ್ರೂರ ವರ್ಷಗಳು ಬಂದವು. 1960ರಿಂದ 1996ರವರೆಗೆ ನಡೆದ ಆ ಯುದ್ಧದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು ಅಂತ ವಿಶ್ವಸಂಸ್ಥೆಯ ನೆರವಿನ ಸತ್ಯಶೋಧನಾ ಆಯೋಗ 1999ರಲ್ಲಿ ಹೇಳಿತು. ಗುರುತು ಸಿಕ್ಕವರಲ್ಲಿ ನೂರಕ್ಕೆ 83 ಮಂದಿ ಮಾಯಾ ಜನ. ನಿಮ್ಮ ಪಕ್ಕ ಕೂತವರ ಅಣ್ಣನೋ ಗಂಡನೋ ಅವರಲ್ಲಿ ಒಬ್ಬರಿರಬಹುದು. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ. ಪ್ರಾರ್ಥನೆಯ ಹೊತ್ತಿನಲ್ಲಿ, ಅಳುವ ಮುಖಗಳ ಮುಂದೆ ಮೊಬೈಲ್ ಎತ್ತಬೇಡಿ. ಮಿಷನ್ ಟ್ರಿಪ್ಪಿನ ವರದಿಗೆ ಫೋಟೊ ಬೇಕು ಅಂತ ನಿಮ್ಮ ಸಭೆಯವರು ಒತ್ತಾಯಿಸಬಹುದು, ಊಟದ ಹೊತ್ತಿನಲ್ಲಿ ಎಲ್ಲರ ಒಪ್ಪಿಗೆ ಕೇಳಿ ತೆಗೆಯಿರಿ.

ಊಟ ಅಂದ ಮೇಲೆ ಹೇಳಬೇಕು, ಆರಾಧನೆ ಮುಗಿದ ಕೂಡಲೇ ಬಿಡುವುದಿಲ್ಲ. ಸಿಹಿಯಾದ ತೆಳು ಕಾಫಿ, ಬ್ರೆಡ್ಡು, ವಿಶೇಷ ದಿನವಾದರೆ ತಮಾಲ್. ಎಲೆಯಲ್ಲಿ ಸುತ್ತಿ ಬೇಯಿಸಿದ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಬಿಚ್ಚಿದಾಗ ನಮ್ಮ ಕೊಟ್ಟೆ ಕಡುಬಿನ ಹಾಗೆ ಎಲೆಯ ಗೀರು ಮೇಲೆ ಮೂಡಿರುತ್ತದೆ. ಒಳಗೆ ಸಾಮಾನ್ಯವಾಗಿ ಮಾಂಸವಿರುತ್ತದೆ. ಮಾಂಸ ತಿನ್ನದವರಾದರೆ ಮೊದಲೇ ತಿಳಿಸಿಬಿಡಿ, ಕಪ್ಪು ಹುರುಳಿಯಂಥ ಬೀನ್ಸು, ತೊರ್ತಿಯಾ ಧಾರಾಳವಾಗಿ ಇರುತ್ತದೆ. ಬಡಿಸಿದ್ದನ್ನು ಮಾತ್ರ ಬಿಡಬೇಡಿ. ಕಾಣಿಕೆ ಚೀಲಕ್ಕೆ ಅಲ್ಲಿನ ಕೆತ್ಸಾಲ್ ನೋಟು, ಬೇರೆಯವರು ಹಾಕುವಷ್ಟೇ ಹಾಕಿ. ದೊಡ್ಡ ಮೊತ್ತ ಕೊಡುವುದಿದ್ದರೆ ಸಭೆಯ ಹಿರಿಯರ ಮೂಲಕ, ಲೆಕ್ಕದಲ್ಲಿ ಬರುವ ಹಾಗೆ ಕೊಡಿ.

ಹಗಲಿನ ಕೆಲಸದ ಬಗ್ಗೆ ನೀವು ಕೇಳಿಲ್ಲ, ಆದರೂ ಇದಕ್ಕೆ ಸಂಬಂಧವಿದೆ. ಗೋಡೆ ಕಟ್ಟಲು ಅಲ್ಲಿ ಒಳ್ಳೆಯ ಗಾರೆಯವರಿದ್ದಾರೆ. ಭೂಕಂಪದ ನಂತರ ಕಾಂಕ್ರೀಟ್ ಬ್ಲಾಕು, ಕಬ್ಬಿಣದ ಸರಳು ಹಾಕಿ ಕಟ್ಟುವುದನ್ನು ಅವರು ಚೆನ್ನಾಗಿ ಬಲ್ಲರು, ನಮ್ಮ ತಂಡದ ಕಂಪ್ಯೂಟರ್ ಎಂಜಿನಿಯರುಗಳಿಗಿಂತ ಎಷ್ಟೋ ಚೆನ್ನಾಗಿ. ನಾವು ಹೋಗದಿದ್ದರೂ ಗೋಡೆ ಏಳುತ್ತಿತ್ತು, ವಿಮಾನದ ದುಡ್ಡು ಕಳಿಸಿದ್ದರೆ ಇನ್ನೂ ಬೇಗ ಏಳುತ್ತಿತ್ತು. ಹೋಗುವುದಕ್ಕೆ ನನಗೆ ಕಾಣುವ ನ್ಯಾಯವಾದ ಕಾರಣ ಸಂಜೆಯ ಆರಾಧನೆಯೇ. ಒಂದೇ ಸಭೆಯ ಜನ ಅಂತ ಒಬ್ಬರ ಪಕ್ಕ ಒಬ್ಬರು ಕೂರುವುದನ್ನು ಹಣ ಕಳಿಸಿ ಮಾಡಿಸಲಾಗುವುದಿಲ್ಲ. ನಮ್ಮ ಹಿರಿಯರು ಒಂದು ಕಾಲದಲ್ಲಿ ಮಿಷನರಿಗಳನ್ನು ಬರಮಾಡಿಕೊಂಡ ಕಡೆಯವರು. ತೊದಲುತ್ತಾ ತಮ್ಮ ಭಾಷೆ ಕಲಿತವರನ್ನು ಅವರು ಎಂದೂ ಮರೆಯಲಿಲ್ಲ. ಹಾಗಾಗಿ ದಿನದ ಕೆಲಸದಲ್ಲಿ ದಣಿದು ಸಂಜೆ ಆರಾಧನೆ ತಪ್ಪಿಸುವ ಯೋಚನೆ ತಂಡದಲ್ಲಿ ಬಂದರೆ, ಮಧ್ಯಾಹ್ನದ ಕೆಲಸವನ್ನು ಒಂದು ಗಂಟೆ ಮೊದಲೇ ನಿಲ್ಲಿಸಿ ಅಂತ ಹೇಳಿ.

ಬೆಟ್ಟನಾಡಿನ ಸಂಜೆಗಳಿಗೆ ದಪ್ಪ ಶಾಲು ಬೇಕು, ಚಿಮಾಲ್ತೆನಾಂಗೊ ಸುಮಾರು 1,800 ಮೀಟರ್ ಎತ್ತರದಲ್ಲಿದೆ. ಹೆಂಗಸರು ಮೊಣಕಾಲಿನ ಕೆಳಗೆ ಇಳಿಯುವ ಬಟ್ಟೆ ಇಟ್ಟುಕೊಳ್ಳಿ, ಚೂಡಿದಾರ ಬಹಳ ಅನುಕೂಲ.

ನೀವು ಹೋಗುವ ಊರು ಯಾವ ಕಡೆ ಅಂತ ಬರೆದಿಲ್ಲ. ಚಿಮಾಲ್ತೆನಾಂಗೊ ಸುತ್ತಮುತ್ತಲಾದರೆ ಮನೆಮಾತು ಕಾಕ್ಚಿಕೆಲ್, ಕೆತ್ಸಾಲ್ತೆನಾಂಗೊ ಕಡೆಯಾದರೆ ಕಿಚೆ ಅಥವಾ ಮಾಮ್, ಕೊಬಾನ್ ಕಡೆಯಾದರೆ ಕೆಕ್ಚಿ. ಸ್ಪ್ಯಾನಿಷ್ ಜೊತೆಗೆ ಆ ಭಾಷೆಯಲ್ಲಿ ಧನ್ಯವಾದ ಹೇಳುವುದನ್ನೂ ಕಲಿತುಕೊಂಡು ಹೋಗಿ. ಕಾಕ್ಚಿಕೆಲ್‌ನಲ್ಲಾದರೆ "ಮತ್ಯೋಶ್". ಊರಿನ ಹೆಸರು ತಿಳಿಸಿದರೆ, ಅಲ್ಲಿನ ಮಾತು ಬಲ್ಲವರನ್ನು ಕೇಳಿ ಉಳಿದದ್ದನ್ನು ಕನ್ನಡ ಲಿಪಿಯಲ್ಲಿ ಬರೆದು ಕಳಿಸುತ್ತೇನೆ.